ಬೀಗ ಮಾಡುವವನ ಮಗ ಓಮ್, ಮತ್ತು ಘಾಟಬೋರಾಳದ ಸಬ್‌ವೂಫರ್

ಓಮ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಹತ್ತನೇ ಕ್ಲಾಸಿನ ಒಂದು ಸಾಲಿನ ಸೂತ್ರ. ವೋಲ್ಟೇಜ್ ಅಂದ್ರೆ ಕರೆಂಟ್ ಗುಣಿಸು ರೆಸಿಸ್ಟೆನ್ಸ್. ಮೂರರಲ್ಲಿ ಎರಡು ಗೊತ್ತಿದ್ರೆ ಮೂರನೇದು ಸಿಗುತ್ತೆ, ಮಾರ್ಕ್ಸೂ ಸಿಗುತ್ತೆ. ಅದರಾಚೆ ಆ ಮನುಷ್ಯ ಯಾರು, ಅಷ್ಟು ಚಿಕ್ಕ ಸೂತ್ರಕ್ಕೆ ಎಷ್ಟು ಕಷ್ಟಪಟ್ಟರು ಅಂತ ನಾವು ಯಾವತ್ತೂ ಕೇಳಿರಲಿಲ್ಲ. ಕೇಳೋ ಹಾಗೆ ಮಾಡಿದ್ದು ಒಂದು ಹಳೇ ಜೀಪು.

ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳ ನಮ್ಮ ಗ್ಯಾಂಗಿನ ಒಬ್ಬನ ಊರು. ಹುಮನಾಬಾದ್, ಬಸವಕಲ್ಯಾಣದ ಕಡೆ ಬಸವ ಜಯಂತಿ ಅಂದ್ರೆ ಸಣ್ಣ ಹಬ್ಬ ಅಲ್ಲ. ಹೋದ ವರ್ಷ ಮೆರವಣಿಗೆಗೆ ಬಾಡಿಗೆ ಸೌಂಡ್ ಬೇಡ, ಗೆಳೆಯನ ಮಾಮಾನ ಜೀಪಿಗೇ ನಾವು ಸಿಸ್ಟಂ ಕೂರಿಸ್ತೀವಿ ಅಂತ ಹೇಳಿಬಿಟ್ವಿ. ಇಂಜಿನಿಯರಿಂಗ್ ಓದೋ ಹುಡುಗರು ಅಂತ ಊರವರೂ ನಂಬಿದರು. ಪಟ್ಟಿ ಎತ್ತಿದ ದುಡ್ಡು ನಮ್ಮ ಕೈಗೆ ಬಂತು.

ಎರಡು ದೊಡ್ಡ ಸಬ್‌ವೂಫರ್ ತಂದ್ವಿ. ಒಂದೊಂದರಲ್ಲೂ 4 ಓಮ್‌ನ ಎರಡೆರಡು ಕಾಯಿಲ್. ಆಂಪ್ಲಿಫೈಯರ್ 1000 ವ್ಯಾಟಿನದು, ಅದೂ 2 ಓಮ್‌ಗಿಂತ ಕಡಿಮೆ ಲೋಡ್ ಹಾಕಬೇಡಿ ಅಂತ ಅದರ ಪುಸ್ತಕದಲ್ಲೇ ಬರೆದಿತ್ತು. ನಾವು ಪುಸ್ತಕ ಓದಲಿಲ್ಲ. ನಾಲ್ಕೂ ಕಾಯಿಲ್ ಪ್ಯಾರಲಲ್‌ನಲ್ಲಿ ಜೋಡಿಸಿದ್ವಿ. ಬ್ಯಾಟರಿಯಿಂದ ಹಿಂದಿನ ಸೀಟಿನ ತನಕ ಮನೆ ವೈರಿಂಗ್‌ಗೆ ಹಾಕೋ 4 ಚದರ ಮಿಲಿಮೀಟರ್ ತಂತಿ ಎಳೆದ್ವಿ. ಫ್ಯೂಸ್ ಎರಡು ಸಲ ಹೋಯ್ತು. ಮೂರನೇ ಸಲ ಫ್ಯೂಸ್ ಜಾಗಕ್ಕೆ ದಪ್ಪ ತಾಮ್ರದ ಎಳೆ ಸುತ್ತಿದ್ವಿ. ಈ ಕೊನೇ ವಾಕ್ಯ ಬರೆಯೋಕೆ ನಮಗೆ ಈಗಲೂ ನಾಚಿಕೆ ಆಗುತ್ತೆ.

ಮೆರವಣಿಗೆ ಶುರುವಾದ ಸ್ವಲ್ಪ ಹೊತ್ತಿಗೆ ಪ್ರತಿ ಬೀಟಿಗೂ ಹೆಡ್‌ಲೈಟ್ ಮಂಕಾಗ್ತಿತ್ತು. ಆಂಪ್ಲಿಫೈಯರ್ ಆಗಾಗ ಕೆಂಪು ದೀಪ ತೋರಿಸಿ ಸುಮ್ಮನಾಗ್ತಿತ್ತು. ಅಷ್ಟರಲ್ಲಿ ಜೀಪಿನ ಹಿಂದೆ ಕೂತಿದ್ದ, ಬಸವಣ್ಣನ ವೇಷ ಹಾಕಿದ್ದ ಪುಟ್ಟ ಹುಡುಗ ಕಾಲು ಸುಡ್ತಿದೆ ಅಂತ ಅಳೋಕೆ ಶುರು ಮಾಡಿದ. ಮ್ಯಾಟ್ ಎತ್ತಿ ನೋಡಿದ್ರೆ ತಂತಿಯ ಪ್ಲಾಸ್ಟಿಕ್ ಮೆತ್ತಗಾಗಿ ಹೊಗೆ ಬರ್ತಿತ್ತು. ಮಾಮಾ ಓಡಿಹೋಗಿ ಬ್ಯಾಟರಿ ಟರ್ಮಿನಲ್ ಕಿತ್ತರು. ಆರು ಮಕ್ಕಳನ್ನು ಇಳಿಸಿದ್ವಿ. ಉಳಿದ ಮೆರವಣಿಗೆ ಬರೀ ಬಾಯಲ್ಲಿ ಹಾಡಿಕೊಂಡೇ ನಡೀತು. ಯಾರೂ ನಮಗೆ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಕಾಲೇಜಿಗೆ ವಾಪಸ್ ಬಂದು, ನಮ್ಮ ತಪ್ಪು ಎಲ್ಲಿ ಅಂತ ಹುಡುಕೋಕೆ ಹೋಗಿ ಓಮ್ ಅವರ ಜೀವನ ಓದಿದ್ವಿ. ಓದಿದ ಮೇಲೆ ಗೊತ್ತಾಗಿದ್ದು ಇಷ್ಟು. ನಾವು ಮಾಡಿದಂಥ ತಪ್ಪನ್ನೇ ಓಮ್ ಅವರೂ ಮೊದಲು ಮಾಡಿದ್ದರು. ಆದರೆ ಅದನ್ನು ತಿದ್ದಿಕೊಂಡರು.

ಗೇಯಾರ್ಗ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಇವತ್ತಿನ ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ಅಪ್ಪ ಬೀಗ ಮಾಡುವ ಕಸುಬಿನವರು. ಅಮ್ಮ ದರ್ಜಿಯ ಮಗಳು, ಓಮ್‌ಗೆ ಹತ್ತು ವರ್ಷ ಇದ್ದಾಗಲೇ ತೀರಿಕೊಂಡರು. ಏಳು ಮಕ್ಕಳಲ್ಲಿ ಉಳಿದಿದ್ದು ಮೂರೇ. ಅಪ್ಪ ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಆದರೆ ತಾವೇ ಓದಿ ಗಣಿತ, ಭೌತಶಾಸ್ತ್ರ ಕಲಿತಿದ್ದರು. ಅದನ್ನೇ ಮಕ್ಕಳಿಗೂ ಕಲಿಸಿದರು. ಹಗಲು ಬೀಗದ ಕೆಲಸ, ಬಿಡುವಿನಲ್ಲಿ ಮಕ್ಕಳ ಪಾಠ. ತಮ್ಮ ಮಾರ್ಟಿನ್ ಮುಂದೆ ದೊಡ್ಡ ಗಣಿತಜ್ಞ ಆದರು.

1805ರಲ್ಲಿ ಓಮ್ ಎರ್ಲಾಂಗೆನ್ ವಿಶ್ವವಿದ್ಯಾಲಯ ಸೇರಿದರು. ಸೇರಿ ಏನು ಮಾಡಿದರು ಅಂದ್ರೆ ನಮಗೆ ತುಂಬ ಹತ್ತಿರದವರು ಅನ್ನಿಸ್ತಾರೆ. ಡ್ಯಾನ್ಸ್, ಐಸ್ ಸ್ಕೇಟಿಂಗ್, ಬಿಲಿಯರ್ಡ್ಸ್. ಓದು ಮಾತ್ರ ಹಿಂದೆ. ಬೆವರು ಸುರಿಸಿ ಓದಿಸುತ್ತಿದ್ದ ಅಪ್ಪನಿಗೆ ಸಿಟ್ಟು ಬಂತು. ಮೂರು ಸೆಮಿಸ್ಟರ್ ಆದ ಮೇಲೆ ಕಾಲೇಜು ಬಿಡಿಸಿ ಸ್ವಿಟ್ಜರ್ಲೆಂಡಿಗೆ ಕಳಿಸಿದರು. ಅಲ್ಲಿ ಹದಿನೇಳರ ಹುಡುಗ ಗಣಿತ ಮೇಷ್ಟ್ರಾದ. ಪಾಠ ಹೇಳುತ್ತಲೇ ಆಯ್ಲರ್, ಲಪ್ಲಾಸ್ ಬರೆದ ಪುಸ್ತಕಗಳನ್ನು ಒಬ್ಬರೇ ಕೂತು ಓದಿದರು. 1811ರಲ್ಲಿ ಎರ್ಲಾಂಗೆನ್‌ಗೆ ಮರಳಿ ಡಾಕ್ಟರೇಟ್ ಪಡೆದರು.

ಡಾಕ್ಟರೇಟ್ ಇದ್ದರೂ ಒಳ್ಳೆ ಕೆಲಸ ಇರಲಿಲ್ಲ. ಬಾಂಬೆರ್ಗ್ ಊರಿನ ಒಂದು ಶಾಲೆಯಲ್ಲಿ ಮೇಷ್ಟ್ರಾದರು, 1816ರಲ್ಲಿ ಆ ಶಾಲೆಯೇ ಮುಚ್ಚಿಹೋಯ್ತು. ಬೇಸರದಲ್ಲೇ ರೇಖಾಗಣಿತದ ಮೇಲೆ ಒಂದು ಪುಸ್ತಕ ಬರೆದು ಪ್ರಷ್ಯಾದ ರಾಜನಿಗೆ ಕಳಿಸಿದರು. ಅದರಿಂದ 1817ರಲ್ಲಿ ಕೊಲೋನ್ ನಗರದ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಆ ಶಾಲೆಯಲ್ಲಿ ಒಳ್ಳೆಯ ಫಿಸಿಕ್ಸ್ ಲ್ಯಾಬ್ ಇತ್ತು. 1820ರಲ್ಲಿ ಕರೆಂಟ್ ಹರಿಯುವ ತಂತಿ ಪಕ್ಕದ ಅಯಸ್ಕಾಂತದ ಸೂಜಿಯನ್ನು ತಿರುಗಿಸುತ್ತೆ ಅಂತ ಡೆನ್ಮಾರ್ಕಿನ ಅರ್ಸ್ಟೆಡ್ ಕಂಡುಹಿಡಿದಿದ್ದರು. ಸೂಜಿ ಎಷ್ಟು ತಿರುಗಿತು ಅಂತ ನೋಡಿದ್ರೆ ಕರೆಂಟ್ ಎಷ್ಟು ಅಂತ ಅಳೀಬಹುದು. ಆಗ ಅಂಗಡಿಯಲ್ಲಿ ಮಲ್ಟಿಮೀಟರ್ ಸಿಗ್ತಿರಲಿಲ್ಲ. ಅಪ್ಪನ ಜೊತೆ ಕಲಿತ ಲೋಹದ ಕೆಲಸ ಇಲ್ಲಿ ಉಪಯೋಗಕ್ಕೆ ಬಂತು. ಬೇಕಾದ ಉಪಕರಣ ಎಷ್ಟೋ ಓಮ್ ತಾವೇ ಮಾಡಿಕೊಂಡರು.

ಅವರ ಪ್ರಶ್ನೆ ಸರಳ. ತಂತಿ ಉದ್ದ ಆದಷ್ಟೂ ಕರೆಂಟ್ ಎಷ್ಟು ಕಡಿಮೆ ಆಗುತ್ತೆ? 1825ರಲ್ಲಿ ಮೊದಲ ಲೇಖನ ಬಂತು. ಅದರಲ್ಲಿದ್ದ ಸೂತ್ರದಲ್ಲಿ ಲಾಗರಿದಂ ಇತ್ತು, ಅಂದ್ರೆ ಸೂತ್ರ ತಪ್ಪು. ಲೆಕ್ಕ ತಪ್ಪಾಗಿರಲಿಲ್ಲ, ತಪ್ಪಿದ್ದು ಪವರ್ ಸಪ್ಲೈ. ಅವತ್ತಿನ ಬ್ಯಾಟರಿ ಅಂದ್ರೆ ಆಸಿಡ್‌ನಲ್ಲಿ ಮುಳುಗಿದ ಎರಡು ಲೋಹದ ತಟ್ಟೆ. ಕರೆಂಟ್ ಎಳೀತಿದ್ದ ಹಾಗೆ ಅದರ ಶಕ್ತಿ ಕುಗ್ಗುತ್ತೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏರುತ್ತೆ. ಅಳತೆ ಮಾಡೋವಾಗ ಬದಲಾಗ್ತಿದ್ದಿದ್ದು ತಂತಿಯೋ ಬ್ಯಾಟರಿಯೋ ಅಂತ ಹೇಳೋಕೆ ಆಗ್ತಿರಲಿಲ್ಲ. ನಮ್ಮ ಜೀಪಿನ ಹೆಡ್‌ಲೈಟ್ ಪ್ರತಿ ಬೀಟಿಗೆ ಮಂಕಾಗ್ತಿದ್ದಾಗ ನಾವು ಸಬ್‌ವೂಫರ್ ಸರಿ ಇಲ್ಲ, ಆಂಪ್ಲಿಫೈಯರ್ ಸರಿ ಇಲ್ಲ ಅಂತ ಬೈತಾ ಇದ್ದದ್ದು ನೆನಪಾಯ್ತು.

ಆ ಲೇಖನ ಬಂದ ಪತ್ರಿಕೆಯ ಸಂಪಾದಕ ಪೊಗ್ಗೆನ್‌ಡಾರ್ಫ್ ಒಂದು ಸಲಹೆ ಕೊಟ್ಟರು, ಬ್ಯಾಟರಿ ಬಿಡಿ, ಥರ್ಮೋಕಪಲ್ ಬಳಸಿ ಅಂತ. ಎರಡು ಬೇರೆ ಲೋಹಗಳ ಎರಡು ಬೆಸುಗೆಗಳಲ್ಲಿ ಒಂದನ್ನು ಬಿಸಿ, ಇನ್ನೊಂದನ್ನು ತಣ್ಣಗೆ ಇಟ್ಟರೆ ಕರೆಂಟ್ ಹರಿಯುತ್ತೆ ಅಂತ 1821ರಲ್ಲಿ ಥಾಮಸ್ ಸೀಬೆಕ್ ಕಂಡುಕೊಂಡಿದ್ದರು. ಓಮ್ ಬಿಸ್ಮತ್ ಮತ್ತು ತಾಮ್ರ ಬೆಸೆದು, ಒಂದು ತುದಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ನೀರು ಕುದೀತಾ ಇರೋ ತನಕ, ಮಂಜು ಕರಗ್ತಾ ಇರೋ ತನಕ ಎರಡು ಕಡೆಯ ಉಷ್ಣತೆ ಬದಲಾಗಲ್ಲ. ವೋಲ್ಟೇಜ್ ತೀರಾ ಸಣ್ಣದು, ಆದರೆ ಅಲ್ಲಾಡಲ್ಲ. ದೊಡ್ಡದಾದ, ನಂಬಲಾಗದ ಸಪ್ಲೈ ಬಿಟ್ಟು ಚಿಕ್ಕದಾದ, ನಂಬಬಹುದಾದ ಸಪ್ಲೈ ಆರಿಸಿಕೊಂಡರು.

1826ರ ಜನವರಿಯಲ್ಲಿ ಒಂದೇ ದಪ್ಪದ ಎಂಟು ತಾಮ್ರದ ತಂತಿ ತಗೊಂಡರು. ಅತಿ ಚಿಕ್ಕದು 2 ಇಂಚು, ಅತಿ ಉದ್ದದ್ದು 130 ಇಂಚು. ಒಂದೊಂದನ್ನೇ ಸರ್ಕ್ಯೂಟಿಗೆ ಹಾಕಿ ಸೂಜಿ ನೋಡಿದರು. ಈ ಸಲ ಅಂಕಿಗಳು ಒಂದು ಸಾಲಿಗೆ ಬಂದವು. ಅವರು ಬರೆದ ಸೂತ್ರ ನಮ್ಮ ಟೆಕ್ಸ್ಟ್ ಬುಕ್ಕಿನ ಹಾಗಿರಲಿಲ್ಲ. ಕರೆಂಟ್ ಬೇಕಾದ್ರೆ ಎ ಅನ್ನೋ ಅಂಕಿಯನ್ನು, ಬಿ ಮತ್ತು ಎಕ್ಸ್ ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಎ ಅಂದ್ರೆ ಸಪ್ಲೈಯ ಬಲ. ಎಕ್ಸ್ ಅಂದ್ರೆ ನಾವು ಪರೀಕ್ಷೆ ಮಾಡ್ತಿರೋ ತಂತಿ. ಬಿ ಅಂದ್ರೆ ಸರ್ಕ್ಯೂಟಿನಲ್ಲಿ ಉಳಿದಿದ್ದೆಲ್ಲದರ ತಡೆ: ಸಪ್ಲೈ ಒಳಗಿನದು, ಜೋಡಣೆಗಳದು, ಎಲ್ಲ.

ನಮ್ಮ ಇಡೀ ಕಥೆ ಆ ಬಿ ಅಕ್ಷರದಲ್ಲಿತ್ತು. ನಾವು ಸ್ಪೀಕರ್ ಎಕ್ಸ್ ಒಂದನ್ನೇ ನೋಡಿದ್ವಿ. ಅದರ ಹಿಂದೆ ಇರೋ ಬ್ಯಾಟರಿ, ಟರ್ಮಿನಲ್, ತಂತಿ, ಬಾಡಿಗೆ ಹಾಕಿದ ಅರ್ತ್, ಇವುಗಳ ಬಿ ಸೊನ್ನೆ ಅಂತ ಅಂದುಕೊಂಡ್ವಿ. ಲೆಕ್ಕ ಹಾಕಿ ನೋಡಿ. 1000 ವ್ಯಾಟ್ ಹೊರಗೆ ಬರಬೇಕು ಅಂದ್ರೆ, 80 ಪರ್ಸೆಂಟ್ ದಕ್ಷತೆಯ ಕ್ಲಾಸ್ ಡಿ ಆಂಪ್ಲಿಫೈಯರ್ 1250 ವ್ಯಾಟ್ ಒಳಗೆ ಎಳೀಬೇಕು. ಇಂಜಿನ್ ಓಡ್ತಿದ್ದಾಗ ಇರೋ 13.8 ವೋಲ್ಟಿನಲ್ಲಿ ಅದು ಹತ್ತಿರ ಹತ್ತಿರ 90 ಆಂಪಿಯರ್. ನಮ್ಮ 5 ಮೀಟರ್ ತಂತಿಯ ತಡೆ 0.02 ಓಮ್‌ಗಿಂತ ಚೂರು ಜಾಸ್ತಿ, ನೋಡಿದ್ರೆ ಏನೂ ಅಲ್ಲ. ಆದರೆ 90 ಆಂಪಿಯರಿಗೆ ಅದು 1.9 ವೋಲ್ಟ್ ನುಂಗುತ್ತೆ, 170 ವ್ಯಾಟ್ ಬಿಸಿ ಮಾಡುತ್ತೆ. ಲ್ಯಾಬಿನ ಐದಾರು ಸೋಲ್ಡರಿಂಗ್ ಐರನ್ನುಗಳನ್ನು ಮ್ಯಾಟ್ ಕೆಳಗೆ ಮಲಗಿಸಿ ಅದರ ಮೇಲೆ ಮಕ್ಕಳನ್ನು ಕೂರಿಸಿದ ಹಾಗೆ. ಇನ್ನು ನಾಲ್ಕು ಕಾಯಿಲ್ ಪ್ಯಾರಲಲ್ ಆದಾಗ ಲೋಡ್ 1 ಓಮ್‌ಗೆ ಇಳಿದಿತ್ತು. ಆಂಪ್ಲಿಫೈಯರ್ ಇನ್ನೂ ಎರಡರಷ್ಟು ಎಳೆಯೋಕೆ ಹೊರಟಿತ್ತು. ಫ್ಯೂಸ್ ಹೋಗಿದ್ದು ನಮ್ಮನ್ನು ಉಳಿಸೋಕೆ. ನಾವು ಅದರ ಬಾಯಿ ಮುಚ್ಚಿಸಿದ್ವಿ.

ಓಮ್ ಕಥೆ ಇಲ್ಲಿಗೆ ಸುಖವಾಗಿ ಮುಗೀಲಿಲ್ಲ. ಒಂದು ವರ್ಷ ಅರ್ಧ ಸಂಬಳದ ರಜೆ ಹಾಕಿ ಬರ್ಲಿನ್‌ಗೆ, ತಮ್ಮನ ಊರಿಗೆ ಹೋದರು. ಬಿಸಿ ಒಂದು ಕಂಬಿಯಲ್ಲಿ ಹೇಗೆ ಹರಿಯುತ್ತೆ ಅಂತ ಫೂರಿಯೇ ಬರೆದಿದ್ದ ಗಣಿತವನ್ನು ಕರೆಂಟಿಗೆ ಅನ್ವಯಿಸಿ 1827ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ನಮ್ಮನ್ನು ಮ್ಯಾಥ್ಸ್ ಪೇಪರಿನಲ್ಲಿ ಕಾಡೋ ಫೂರಿಯೇ ಅವರೇ. ಆ ಪುಸ್ತಕದಿಂದ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಗುತ್ತೆ ಅನ್ನೋದು ಓಮ್ ಅವರ ಆಸೆ. ಆದರೆ ಆಗಿನ ಜರ್ಮನಿಯ ಎಷ್ಟೋ ವಿದ್ವಾಂಸರಿಗೆ ಪ್ರಕೃತಿಯನ್ನು ಹೀಗೆ ಗಣಿತಕ್ಕೆ ಇಳಿಸೋದು ಹಿಡಿಸಲಿಲ್ಲ. ಪೋಲ್ ಎಂಬ ವಿದ್ವಾಂಸರು ಕಟುವಾಗಿ ಟೀಕಿಸಿದರು. ಉಳಿದವರು ಗಮನಿಸಲೇ ಇಲ್ಲ. 1828ರಲ್ಲಿ ಓಮ್ ಕೊಲೋನ್ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಆಮೇಲೆ ಐದು ವರ್ಷ ಬರ್ಲಿನ್‌ನಲ್ಲಿ ಅಲ್ಲಿ ಇಲ್ಲಿ ಪಾಠ ಹೇಳಿ ದಿನ ದೂಡಿದರು. ಸೂತ್ರ ಸರಿಯಾಗಿತ್ತು, ಹೊಟ್ಟೆಪಾಡು ಸರಿ ಇರಲಿಲ್ಲ. 1833ರಲ್ಲಿ ನ್ಯೂರೆಂಬರ್ಗ್ ಪಾಲಿಟೆಕ್ನಿಕ್ ಅವರನ್ನು ಕರೆಯಿತು.

ಮನ್ನಣೆ ಬಂದಿದ್ದು ಹೊರದೇಶದಿಂದ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲೆ ಪದಕ ಕೊಟ್ಟಿತು. ಅದೇ ವರ್ಷ ಜೂಲ್ ಅನ್ನೋ ಇಂಗ್ಲಿಷ್ ಯುವಕ, ತಂತಿ ಬಿಸಿ ಆಗೋದು ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ ಅಂತ ತೋರಿಸಿದ. ಕರೆಂಟ್ ಎರಡರಷ್ಟಾದ್ರೆ ಬಿಸಿ ನಾಲ್ಕರಷ್ಟು. ಇದೇ ಲೆಕ್ಕದಿಂದಲೇ 1902ರಲ್ಲಿ ಶಿವನಸಮುದ್ರದ ಕರೆಂಟನ್ನು ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ ಕಳಿಸೋವಾಗ ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸಿದರು. ವೋಲ್ಟೇಜ್ ಜಾಸ್ತಿ ಆದ್ರೆ ಕರೆಂಟ್ ಕಡಿಮೆ ಸಾಕು, ತಂತಿಯೂ ತಣ್ಣಗೆ ಇರುತ್ತೆ. ಜೀಪಿನ ಬ್ಯಾಟರಿ 12 ವೋಲ್ಟ್, ಅದನ್ನು ಏರಿಸೋ ಹಾಗಿಲ್ಲ. ಹಾಗಾಗಿ ತಂತಿ ದಪ್ಪ ಮಾಡೋದೊಂದೇ ದಾರಿ.

ಸಬ್‌ವೂಫರ್ ಹಾಕೋರಿಗೆ ಓಮ್ ಇನ್ನೊಂದು ರೀತಿಯಲ್ಲೂ ಹಿರಿಯರು. 1843ರಲ್ಲಿ ಅವರು ಶಬ್ದದ ಬಗ್ಗೆಯೂ ಒಂದು ನಿಯಮ ಹೇಳಿದರು. ನಮ್ಮ ಕಿವಿ ಒಂದು ಸಂಕೀರ್ಣ ನಾದವನ್ನು ಬೇರೆ ಬೇರೆ ಆವರ್ತನದ ಸರಳ ಸ್ವರಗಳಾಗಿ ಬಿಡಿಸಿ ಕೇಳುತ್ತೆ ಅಂತ. ಇಲ್ಲೂ ಫೂರಿಯೇ ಗಣಿತವೇ. ಇದನ್ನು ಬಲವಾಗಿ ವಿರೋಧಿಸಿದ್ದು ಆಗಸ್ಟ್ ಸೀಬೆಕ್. ಯಾವ ಸೀಬೆಕ್ ಕಂಡುಹಿಡಿದಿದ್ದರಿಂದ ಓಮ್‌ಗೆ ಸ್ಥಿರವಾದ ಸಪ್ಲೈ ಸಿಕ್ಕಿತ್ತೋ ಅವರ ಮಗ! ಓಮ್ ತೀರಿಕೊಂಡ ಮೇಲೆ, 1863ರಲ್ಲಿ ಹೆಲ್ಮ್‌ಹೋಲ್ಟ್ಸ್ ತಮ್ಮ ದೊಡ್ಡ ಪುಸ್ತಕದಲ್ಲಿ ಓಮ್ ಪರ ನಿಂತರು. ಹಾಡಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರಿಗೆ, ಮೇಲಿನದನ್ನು ಬೇರೆ ಸ್ಪೀಕರಿಗೆ ನಾವು ಕ್ರಾಸ್‌ಓವರ್‌ನಲ್ಲಿ ಹಂಚೋದು, ಕೇಳುಗರ ಕಿವಿಯಲ್ಲಿ ಅದು ಮತ್ತೆ ಒಂದೇ ಹಾಡಾಗೋದು, ಎಲ್ಲ ಈ ಯೋಚನೆಯ ಪಕ್ಕದಲ್ಲೇ ಇದೆ.

ವಿಶ್ವವಿದ್ಯಾಲಯದ ಪ್ರೊಫೆಸರ್ ಆಗೋ ಆಸೆ ಕೈಗೂಡಿದ್ದು 1852ರಲ್ಲಿ, ಮ್ಯೂನಿಕ್‌ನಲ್ಲಿ. ಆಗ ಓಮ್ ಅವರಿಗೆ 63 ವರ್ಷ. ಎರಡು ವರ್ಷ ಪಾಠ ಮಾಡಿ 1854ರ ಜುಲೈ 6ರಂದು ಅಲ್ಲೇ ತೀರಿಕೊಂಡರು. ಮದುವೆ ಆಗಿರಲಿಲ್ಲ. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನ ತಡೆಯ ಅಳತೆಗೆ ಓಮ್ ಅನ್ನೋ ಹೆಸರನ್ನು ಒಪ್ಪಿಕೊಂಡಿತು. ಇವತ್ತು ಪ್ರತಿ ಸಬ್‌ವೂಫರ್ ಬೆನ್ನ ಮೇಲೂ ಆ ಹೆಸರಿದೆ. ನಾವು ನೋಡೋದು ಮಾತ್ರ ಡಬ್ಬದ ಮುಂದೆ ದೊಡ್ಡದಾಗಿ ಬರೆದ ವ್ಯಾಟ್.

ಈ ವರ್ಷ ಮತ್ತೆ ಘಾಟಬೋರಾಳಕ್ಕೆ ಹೋದ್ವಿ. ಕರೆದಿದ್ದು ಮಾಮಾ ಅವರೇ. ಈ ಸಲ ಲೆಕ್ಕವನ್ನು ಹಿಂದಿನಿಂದ ಶುರು ಮಾಡಿದ್ವಿ, ಅಂದ್ರೆ ಓಮ್ ಮಾಡಿದ ಹಾಗೆ ಸಪ್ಲೈಯಿಂದ. ಜೀಪಿನ ಆಲ್ಟರ್ನೇಟರ್ ಮೇಲೆ ಬರೆದಿದ್ದು 45 ಆಂಪಿಯರ್. ಇಂಜಿನ್ನಿಗೆ ಸ್ವಲ್ಪ ಬಿಡಬೇಕು. ಅಷ್ಟರಲ್ಲಿ 400 ವ್ಯಾಟಿನ ಆಂಪ್ಲಿಫೈಯರ್ ನಡೆಯುತ್ತೆ, ಪೂರ್ತಿ ಓಡಿದಾಗ 36 ಆಂಪಿಯರ್. ಹಾಡು ಸದಾ ಪೂರ್ತಿ ಎಳೆಯಲ್ಲ, ಆದ್ದರಿಂದ ಬ್ಯಾಟರಿಗೂ ಉಸಿರಾಡೋಕೆ ಜಾಗ. 1000 ವ್ಯಾಟಿನದನ್ನು ಅರ್ಧ ಬೆಲೆಗೆ ಮಾರಿದ್ವಿ, ನಷ್ಟ ನಮ್ಮ ಪಾಕೆಟ್ ಮನಿಯಿಂದ ತುಂಬಿದ್ವಿ. ಕೊಳ್ಳೋವಾಗ ಡಬ್ಬದ ಮೇಲಿನ ಅಂಕಿ ನಂಬದೆ ಆರ್‌ಎಂಎಸ್ ಪವರ್ ನೋಡಿದ್ವಿ, ಅದನ್ನೂ ಆಂಪ್ಲಿಫೈಯರ್ ಮೇಲಿರೋ ಫ್ಯೂಸಿನಿಂದ ತಾಳೆ ನೋಡಿದ್ವಿ. ಎರಡು 30 ಆಂಪಿಯರ್ ಫ್ಯೂಸ್ ಇದ್ದು ಮೇಲೆ 5000 ವ್ಯಾಟ್ ಅಂತ ಬರೆದಿದ್ರೆ, ಅದು ಒಳಗೆ ಎಳೆಯೋದೇ ಸುಮಾರು 830 ವ್ಯಾಟ್, ಹೊರಗೆ ಕೊಡೋದು ಇನ್ನೂ ಕಡಿಮೆ. ಸುಳ್ಳು ಅಲ್ಲೇ ಗೊತ್ತಾಗುತ್ತೆ.

ಸಬ್‌ವೂಫರ್ ಒಂದೇ ಸಾಕು ಅಂತ ತೀರ್ಮಾನಿಸಿದ್ವಿ. ಅದರ ಎರಡು 4 ಓಮ್ ಕಾಯಿಲ್ ಪ್ಯಾರಲಲ್ ಆದ್ರೆ 2 ಓಮ್, ಆಂಪ್ಲಿಫೈಯರ್ ಕೇಳೋದೂ ಅಷ್ಟೇ. ತಂತಿ 16 ಚದರ ಮಿಲಿಮೀಟರಿನ ಶುದ್ಧ ತಾಮ್ರ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗ, ಆದರೆ ತಡೆ ಜಾಸ್ತಿ. ಈಗ ತಂತಿಯಲ್ಲಿ ಕಳೆದುಹೋಗೋದು 0.2 ವೋಲ್ಟ್ ಅಷ್ಟೇ. ಅರ್ತ್ ಜಾಗದಲ್ಲಿ ಪೇಂಟ್ ಕೆರೆದು ಹೊಳೆಯೋ ಲೋಹಕ್ಕೇ ಬೋಲ್ಟ್ ಹಾಕಿದ್ವಿ. 40 ಆಂಪಿಯರ್ ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ ಕೂರಿಸಿದ್ವಿ. ಫ್ಯೂಸ್ ಹಿಂದೆ ಇದ್ರೆ ಮುಂದಿನ ತಂತಿಯನ್ನು ಯಾರೂ ಕಾಯಲ್ಲ. ಒಂದು ಫ್ಯಾರಡ್ ಕೆಪಾಸಿಟರ್ ಹಾಕಿದ್ರೆ ಎಲ್ಲ ಸರಿಹೋಗುತ್ತೆ ಅಂತ ಅಂಗಡಿಯಲ್ಲಿ ಹೇಳಿದರು. ಅದು 14 ವೋಲ್ಟಿನಿಂದ 12ಕ್ಕೆ ಇಳಿಯೋವಾಗ ಕೊಡೋದು 26 ಜೂಲ್. ಹಳೇ ಆಂಪ್ಲಿಫೈಯರಿಗೆ ಅದು ಸೆಕೆಂಡಿನ ನೂರರಲ್ಲಿ ಎರಡು ಭಾಗಕ್ಕೆ ಸಾಕು. ಬೇಡ ಅಂದ್ವಿ.

ಮೆರವಣಿಗೆಯಲ್ಲಿ ಸೌಂಡ್ ಹೋದ ವರ್ಷದಷ್ಟು ಜೋರಿರಲಿಲ್ಲ. ವಚನದ ಮಾತು ಮಾತ್ರ ಬಿಡಿಬಿಡಿಯಾಗಿ ಕೇಳಿಸ್ತಿತ್ತು, ಹೆಡ್‌ಲೈಟ್ ಅಲ್ಲಾಡಲಿಲ್ಲ. ಹದಿನೈದು ನಿಮಿಷಕ್ಕೊಂದು ಸಲ ಮ್ಯಾಟ್ ಎತ್ತಿ ತಂತಿ ಮುಟ್ಟಿ ನೋಡ್ತಿದ್ವಿ. ಬಸವಣ್ಣನ ವೇಷದ ಹುಡುಗ ಈ ವರ್ಷವೂ ಅವನೇ. ಜೀಪಿನ ಹಿಂದೆ ಕೂರೋಕೆ ಮೊದಲು ಒಪ್ಪಲಿಲ್ಲ, ಮಾಮಾನ ಹೆಗಲ ಮೇಲೇ ಇದ್ದ. ಅರ್ಧ ದಾರಿ ಆದ ಮೇಲೆ ಇಳಿದು ಬಂದ, ನಮ್ಮ ಹಾಗೇ ಮ್ಯಾಟ್ ಎತ್ತಿದ, ತಂತಿ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಆಮೇಲೆ ಹತ್ತಿ ಕೂತ.